ನೀರು ಯಾವ ಕಡೆಯಿಂದ ಬಂತು

ನಾನು ಸ್ನಾತಕೋತ್ತರ ಓದಿನಲ್ಲಿ ಆರಿಸಿಕೊಂಡ ವಿಷಯ ನೀರು. ಕುಡಿಯುವ ನೀರಲ್ಲ, ಚಿತ್ರದಲ್ಲಿ ಹರಿಯುವ ನೀರು. ಅನಿಮೇಷನ್ ಅಂದರೆ ಏನು ಅಂತ ಈಗ ಸಣ್ಣ ಮಕ್ಕಳಿಗೂ ಗೊತ್ತು. ಆಗ ಮಸ್ಕಿಯಲ್ಲಿ ಅದನ್ನು ವಿವರಿಸುವುದರಲ್ಲೇ ನನ್ನ ಅರ್ಧ ರಜೆ ಮುಗಿಯುತ್ತಿತ್ತು. ಕೊನೆಗೆ ನಮ್ಮ ಅವ್ವ ಒಂದು ಸುಲಭದ ಉತ್ತರ ಕಂಡುಕೊಂಡಳು. ಯಾರಾದರೂ ಕೇಳಿದರೆ, "ಗೊಂಬಿ ಸಿನೆಮಾ ಬರಿಯೂದು ಕಲ್ಯಾಕತ್ತಾಳ" ಅನ್ನುತ್ತಿದ್ದಳು. "ಅದಕ್ಕೂ ಸಾಲಿ ಐತೇನು?" ಅಂತ ಅವರು ಕೇಳುತ್ತಿದ್ದರು. ಅಲ್ಲಿಂದ ಮಾತು ನನ್ನ ಮದುವೆಗೆ ತಿರುಗುತ್ತಿತ್ತು. ಮದುವೆಯ ಮಾತು ನಮ್ಮ ಮನೆಗೆ ಮಧ್ಯಾಹ್ನದ ಚಹಾದ ಹಾಗೆ ಹೊತ್ತಿಗೆ ಸರಿಯಾಗಿ ಬರುತ್ತಿತ್ತು.

ಓದುತ್ತಿದ್ದದ್ದು ಉತ್ತರದ ಒಂದು ದೂರದ ನಗರದಲ್ಲಿ. ಮಸ್ಕಿಯಿಂದ ಸಿಂಧನೂರು, ಅಲ್ಲಿಂದ ರಾಯಚೂರು, ಆಮೇಲೆ ಒಂದು ರೈಲು, ಮತ್ತೆ ಇನ್ನೊಂದು ರೈಲು. ಮೊದಲ ವರ್ಷ ಎಲ್ಲರೂ ಎಲ್ಲವನ್ನೂ ಕಲಿಯಬೇಕಿತ್ತು: ಪುಟಿಯುವ ಚೆಂಡು, ನಡೆಯುವ ಮನುಷ್ಯ, ಓಡುವ ಕುದುರೆ. ತೆರೆಯ ಮೇಲೆ ಒಂದು ಸೆಕೆಂಡು ಕಳೆಯಬೇಕಾದರೆ ಇಪ್ಪತ್ತನಾಲ್ಕು ಚೌಕಟ್ಟು, ಅಂದರೆ ಒಂದಾದ ಮೇಲೊಂದು ಚಿತ್ರ, ಬೇಕು. ಕೆಳಗಿನಿಂದ ದೀಪ ಬೆಳಗುವ ಗಾಜಿನ ಮೇಜಿನ ಮೇಲೆ ಒಂದು ಹಾಳೆ ಇಟ್ಟು, ಅದರ ಮೇಲೆ ಇನ್ನೊಂದು ಹಾಳೆ ಇಟ್ಟು, ಹಿಂದಿನ ಗೆರೆಯನ್ನು ನೋಡುತ್ತ ಮುಂದಿನ ಗೆರೆಯನ್ನು ಕೂದಲೆಳೆಯಷ್ಟು ಸರಿಸಿ ಬರೆಯಬೇಕು. ಎರಡನೆಯ ವರ್ಷ ಒಬ್ಬೊಬ್ಬರೂ ಒಂದೊಂದು ವಿಶೇಷ ಕೌಶಲ ಹಿಡಿದು ಸಂಶೋಧನೆ ಮಾಡಬೇಕು. ಒಬ್ಬ ಹೊಗೆ ಹಿಡಿದ, ಒಬ್ಬಳು ಹಕ್ಕಿಯ ರೆಕ್ಕೆ ಹಿಡಿದಳು. ನಾನು ನೀರು ಅಂದೆ. ನೀರಿಗೆ ಆಕಾರವೇ ಇಲ್ಲ, ಬಹಳ ಕಷ್ಟ, ಅಂದರು ನಮ್ಮ ಮಾರ್ಗದರ್ಶಕರು. ಕಷ್ಟ ಅಂದ ಕೂಡಲೇ ನನಗೆ ಹಟ ಬಂತು. ನನ್ನ ಸಿಟ್ಟೂ ಹಟವೂ ಮೂಗಿನ ತುದಿಯಲ್ಲೇ ಇರುತ್ತವೆ, ಈಗಲೂ.

ಅದೇ ಹೊತ್ತಿಗೆ ಸಂಸ್ಥೆಗೆ ಸರಕಾರದ ಒಂದು ಕೆಲಸ ಬಂತು. ಹೊಸದಾಗಿ ಕಾಲುವೆ ಬಂದ ಊರುಗಳಲ್ಲಿ ರೈತರು ಕಪ್ಪು ಮಣ್ಣಿನ ಎರೆ ಹೊಲಕ್ಕೆ ನೀರು ಬಿಡಲು ಹಿಂದೆಮುಂದೆ ನೋಡುತ್ತಿದ್ದಾರೆ, ಅವರಿಗೆ ತೋರಿಸಲು ಒಂದು ಪುಟ್ಟ ಚಿತ್ರ ಬೇಕು ಅಂತ. ಮಾರ್ಗದರ್ಶಕರು ಅದನ್ನು ನನ್ನ ಕೈಗೆ ಕೊಟ್ಟರು. ನಿನ್ನ ಊರಿನದೇ ಕೆಲಸ, ನಿನ್ನದೇ ನೀರು, ಹೋಗಿ ನೋಡಿಕೊಂಡು ಬಾ, ಅಂದರು. ಎರಡು ಷರತ್ತು ಹಾಕಿದರು. ಒಂದು, ಎಂದೂ ನೀರು ಕಾಣದ ಹೊಲಕ್ಕೆ ಮೊದಲ ನೀರು ಬರುವುದನ್ನು ನಾನು ಕಣ್ಣಾರೆ ನೋಡಿ ಬರೆಯಬೇಕು. ಇನ್ನೊಂದು, ಚಿತ್ರದಲ್ಲಿ ಒಂದಕ್ಷರವೂ ಇರಬಾರದು. ಓದು ಬಾರದವರಿಗೂ ಅದು ತಾನಾಗಿ ತಿಳಿಯಬೇಕು. ವಿವರಿಸಬೇಕಾದ ಚಿತ್ರ ಸೋತ ಚಿತ್ರ ಅನ್ನುವುದು ಅವರ ಮಾತು. ನಾನು ಅದನ್ನು ವೇದವಾಕ್ಯ ಅಂತಲೇ ತಿಳಿದಿದ್ದೆ.

ಮೊದಲ ನೀರು ಕಾಣಲಿದ್ದ ಹೊಲ ನಮ್ಮದೇ ಒಂದಿತ್ತು. ಸಿಂಧನೂರು ರಸ್ತೆಯ ಪಕ್ಕಕ್ಕೇ, ಮೂಲೆಯಲ್ಲಿ ಒಂದು ಬೇವಿನ ಗಿಡ. ಹಿಂಗಾರಿ ಜೋಳ ಬೆಳೆಯುವ ಎರೆ. ಹೊಸ ಮರಿಗಾಲುವೆ ಅದರ ಮೇಲ್ಗಡೆಯೇ ಬಂದು ನಿಂತಿತ್ತು. ಮುಂದಿನ ಸಲ ನೀರು ಬಿಟ್ಟಾಗ ನಮ್ಮ ಹೊಲಕ್ಕೆ ಬರುತ್ತದೆ ಅಂತ ಖಚಿತವಾಗಿತ್ತು. ಆದರೆ ಆ ಹೊಲವನ್ನು ಇಟ್ಟುಕೊಳ್ಳಬೇಕೋ ಕೊಡಬೇಕೋ ಅಂತ ನಮ್ಮ ಅಪ್ಪ ತೂಗಾಡುತ್ತಿದ್ದ. ಸಿಂಧನೂರಿನ ಹತ್ತಿರದ ಕ್ಯಾಂಪಿನಿಂದ ಒಬ್ಬರು ಅದನ್ನು ಕೇಳಿದ್ದರು. ಆಂಧ್ರದ ಕರಾವಳಿ ಕಡೆಯಿಂದ ಕಾಲುವೆಯ ಜೊತೆಗೇ ಬಂದು ನೆಲೆಸಿದವರು, ಭತ್ತ ಬೆಳೆದು ಗೊತ್ತಿದ್ದವರು. ಇತ್ತ ನಮ್ಮ ಹಿರಿಯರೆಲ್ಲ ಒಂದೇ ರಾಗ: "ಎರಿ ನೀರು ತಾಳೂದಿಲ್ಲ. ನೀರು ನಿಂತರ ಭೂಮಿ ಕೊಳಿತೈತಿ." ಅಪ್ಪನಿಗೆ ಅವರ ಮಾತೂ ಸರಿ ಕಾಣುತ್ತಿತ್ತು, ಕಾಲುವೆಯ ಎಂಜಿನಿಯರರ ಮಾತೂ ಸರಿ ಕಾಣುತ್ತಿತ್ತು.

ನನಗೆ ಆ ಹೊಲ ಹೋಗಬಾರದಾಗಿತ್ತು. ಓದಿಗಾಗಿ ಮಾತ್ರ ಅಂದರೆ ಸುಳ್ಳಾಗುತ್ತದೆ. ಬೇವಿನ ಗಿಡದ ಕೆಳಗೆ ಕೂತು ಇದ್ದಿಲಿನಿಂದ ಬದುವಿನ ಕಲ್ಲಿನ ಮೇಲೆ ಎತ್ತು ಬರೆಯುವುದನ್ನು ಕಲಿತವಳು ನಾನು. ಊರಿಗೆ ಬಂದ ದಿನದಿಂದ ಅಪ್ಪನ ಬೆನ್ನು ಹತ್ತಿದೆ.

"ಯಪ್ಪಾ, ಹೊಲ ಕೊಡಬ್ಯಾಡ."

"ನೋಡೂಣ."

"ನೋಡೂದೇನೈತಿ? ಕಾಲುವಿ ತಲಿ ಮ್ಯಾಲ ಬಂದು ನಿಂತೈತಿ."

"ನೋಡೂಣ ಅಂದೆನಲ್ಲ."

ಅಪ್ಪನ ಮಾತಿನಲ್ಲಿ ಮುಕ್ಕಾಲು ಪಾಲು ಈ 'ನೋಡೂಣ'ವೇ. ಬಜಾರಿನಲ್ಲಿ ನಮ್ಮದು ಅರಿವೆ ಅಂಗಡಿ. ಗಿರಾಕಿ ಬಟ್ಟೆಯ ಥಾನು ಬಿಚ್ಚಿಸಿ, ಮುಟ್ಟಿ, ಮೂಸಿ, ಎದ್ದು ಹೋದರೂ ಅಪ್ಪನಿಗೆ ಬೇಜಾರಾಗುತ್ತಿರಲಿಲ್ಲ. ನಿಜಾಮರ ಕಾಲದಲ್ಲಿ ಲಿಂಗಸುಗೂರಿನ ಸಾಲೆಯಲ್ಲಿ ಕಲಿತವ. ಆಗ ಸಾಲೆ ಅಂದರೆ ಉರ್ದು. ಹೈದರಾಬಾದಿನಿಂದ ಬಸ್ಸಿನ ಮೇಲೆ ಬರುವ ಉರ್ದು ಪೇಪರನ್ನು ತಡವಾದರೂ ಕಾಯ್ದು ಓದುತ್ತಿದ್ದ. ವಚನಗಳನ್ನು ಬಾಯಿಪಾಠ ಹೇಳುತ್ತಿದ್ದ. ಆದರೆ ಅವನ್ನೇ ಪುಸ್ತಕದಲ್ಲಿ ತೋರಿಸಿದರೆ ಕನ್ನಡದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಬೇಕಾಗುತ್ತಿತ್ತು. ಅವನ ವಾರಿಗೆಯವರೆಲ್ಲ ನಮ್ಮ ಕಡೆ ಹಾಗೇ ಇದ್ದರು. ಇದರಲ್ಲಿ ವಿಶೇಷ ಏನಾದರೂ ಇದೆ ಅಂತ ನನಗೆ ಎಂದೂ ಅನ್ನಿಸಿರಲಿಲ್ಲ.

ಸಿನೆಮಾ ಬರೆಯುವ ಮೊದಲು ಅದರ ಕಥೆಯನ್ನು ದೊಡ್ಡ ಹಾಳೆಗಳ ಮೇಲೆ ಬರೆದು ಸಾಲಾಗಿ ತೂಗುಹಾಕಿ ನೋಡುವುದು ನಮ್ಮ ಕೆಲಸದ ಪದ್ಧತಿ. ಪಡಸಾಲೆಯ ಗೋಡೆಯುದ್ದಕ್ಕೆ ಹಗ್ಗ ಕಟ್ಟಿದೆ. "ಅರಿವಿ ಒಣಹಾಕೂ ಹಗ್ಗ ಒಯ್ದು ಹಾಳಿ ಜೋತುಬಿಟ್ಟಾಳ" ಅಂತ ಅವ್ವ ಗೊಣಗಿದಳು. ಹಾಳೆ ಐದು. ಬಾಗಿಲ ಕಡೆಯಿಂದ, ಅಂದರೆ ಎಡದಿಂದ, ಮೊದಲನೆಯದು ಬಿರುಕುಬಿಟ್ಟ ಬರಿದು ಎರೆ. ಎರಡನೆಯದು ಮಟ್ಟ ಮಾಡಿ ಬದು ಹಾಕಿದ ಹೊಲ. ಮೂರನೆಯದು ಕಾಲುವೆಯ ನೀರು ಬರುವುದು. ನಾಲ್ಕನೆಯದು ಮೊಳಕೆ. ಕೊನೆಯದು ತೆನೆ ತುಂಬಿ ನಿಂತ ಜೋಳ. ಒಂದಕ್ಷರವಿಲ್ಲ. ಬಣ್ಣ ಹಚ್ಚಿ ಮುಗಿಸಿದಾಗ ನನಗೇ ಹೆಮ್ಮೆ ಅನ್ನಿಸಿತು.

ಅಪ್ಪ ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿ ಇರುವಾಗಲೇ ಆ ಹಾಳೆಗಳ ಮುಂದೆ ನಿಲ್ಲುತ್ತಿದ್ದ. ಏನೂ ಕೇಳುತ್ತಿರಲಿಲ್ಲ. ನಾನೂ ಏನೂ ಹೇಳಲಿಲ್ಲ. ವಿವರಿಸಬೇಕಾದ ಚಿತ್ರ ಸೋತ ಚಿತ್ರ ತಾನೆ? ಅವನಾಗಿ ತಿಳಿದುಕೊಳ್ಳಲಿ, ತಿಳಿದರೆ ಹೊಲವೂ ಉಳಿಯುತ್ತದೆ ಅಂತ ಒಳಗೊಳಗೇ ಆಸೆ ಇಟ್ಟುಕೊಂಡು ಸುಮ್ಮನಿದ್ದೆ. ಒಂದು ದಿನ ಅಂಗಡಿಗೆ ಹೊರಟವ ಮೆಟ್ಟಿಲ ಹತ್ತಿರ ನಿಂತು ಕೇಳಿದ.

"ಇದನ್ನ ಸರಕಾರದವರೇ ಬರಿ ಅಂದಾರೇನು?"

"ಹೂಂ. ಅವರದೇ ಕೆಲಸ."

"ಹಿಂಗೇ ಬರಿ ಅಂದಾರ?"

"ಹಿಂಗೇ."

ಅಪ್ಪ ತಲೆ ಅಲ್ಲಾಡಿಸಿ ಹೋದ. ಗೆದ್ದೆ ಅಂದುಕೊಂಡು ನಾನು ಅವ್ವನಿಗೆ ಅಡಿಗೆ ಮನೆಯಲ್ಲಿ ಕಣ್ಣು ಹೊಡೆದೆ.

ವಾರ ಕಳೆದ ಮೇಲೆ ಕ್ಯಾಂಪಿನವರು ಮನೆಗೆ ಬಂದರು. ಬಿಳಿ ಪಂಚೆ, ತೆಳುವಾದ ನಗೆ, ನೆಲದ ಮೇಲೆ ಕೂತು ಮಾತಾಡುವ ಸಮಾಧಾನದ ಮನುಷ್ಯ. ಅವರ ಮೇಲೆ ನನಗೆ ಸಿಟ್ಟಿದ್ದರೂ ಅವರು ಅದಕ್ಕೆ ಕಾರಣ ಕೊಡುತ್ತಿರಲಿಲ್ಲ. ಕೂತಲ್ಲಿಂದಲೇ ಗೋಡೆಯ ಕಡೆ ಕಣ್ಣು ಹೋಗಿ ಎದ್ದು ನಿಂತರು. "ಇದು ನಮ್ಮ ಮಗಳು ಬರದದ್ದು, ಸರಕಾರಕ್ಕ" ಅಂತ ಅಪ್ಪನೂ ಎದ್ದ.

ಆ ಹೊತ್ತು ನನ್ನ ಕಣ್ಣ ಮುಂದೆ ಈಗಲೂ ಇದೆ. ಕ್ಯಾಂಪಿನವರು ಬಾಗಿಲ ಕಡೆಯ ಹಾಳೆಯಿಂದ ಹೊರಟರು. ಅಪ್ಪ ಆ ತುದಿಗೆ, ತೆನೆಯ ಹಾಳೆಯ ಹತ್ತಿರ ಹೋಗಿ ನಿಂತ. ಒಬ್ಬರು ಈ ಕಡೆಯಿಂದ, ಒಬ್ಬ ಆ ಕಡೆಯಿಂದ, ಒಂದೊಂದೇ ಹಾಳೆ ನೋಡುತ್ತ ನಡುವಿನ ನೀರಿನ ಚಿತ್ರದ ಮುಂದೆ ಬಂದು ಭುಜಕ್ಕೆ ಭುಜ ತಾಗಿಸಿಕೊಂಡರು. ಇಬ್ಬರೂ ನಕ್ಕು, ಒಬ್ಬರಿಗೊಬ್ಬರು ದಾರಿ ಬಿಟ್ಟು, ಮುಂದೆ ಹೋದರು. ನನಗೂ ನಗು ಬಂತು. ಅಪ್ಪ ಆ ತುದಿಯಿಂದ ಹೊರಟದ್ದು ಅತ್ತ ಜಾಗ ಇತ್ತು ಅಂತ ಅಂದುಕೊಂಡೆ.

"ಖರೇ ಬರದಾಳ ನೋಡ್ರಿ" ಅಂದ ಅಪ್ಪ, ಬಿರುಕಿನ ಚಿತ್ರದ ಮುಂದೆ ನಿಂತು.

"ಅವುನಂಡಿ, ಖರೇನೇ" ಅಂದರು ಕ್ಯಾಂಪಿನವರು, ತೆನೆಯ ಚಿತ್ರದ ಮುಂದೆ ನಿಂತು. "ಬಾಗುಂದಮ್ಮಾ, ಚೆನ್ನಾಗೈತೆ. ನೀರು ಬಂದ್ರೆ ಹಿಂಗೇ ಆಗೋದು."

"ಹಿಂಗೇ ಆಗೂದು" ಅಂದ ಅಪ್ಪ.

ಇಬ್ಬರು ಇಷ್ಟು ಹೊಗಳಿದರೆ ಯಾರಿಗೆ ಬೇಡ? ನಾನು ಖುಷಿಯಿಂದ ಚಹಾ ಮಾಡಲು ಒಳಗೆ ಹೋದೆ. ಸಕ್ಕರೆಯನ್ನೂ ಒಂದು ಚಮಚ ಜಾಸ್ತಿಯೇ ಹಾಕಿದೆ. ಚಹಾ ತರುವಷ್ಟರಲ್ಲಿ ಅಪ್ಪ ಎಲೆ ಅಡಿಕೆಯ ತಟ್ಟೆ ತಾ ಅಂತ ಅವ್ವನನ್ನು ಕೂಗುತ್ತಿದ್ದ. ನಮ್ಮಲ್ಲಿ ಎಲೆ ಅಡಿಕೆ ಕೈ ಬದಲಾಯಿತು ಅಂದರೆ ಮಾತು ಮುಗಿಯಿತು, ಕಾಗದ ಪತ್ರ ಎಲ್ಲ ಆಮೇಲಿನ ಶಾಸ್ತ್ರ. ಚಹಾದ ಕಪ್ಪು ಹಿಡಿದು ನಾನು ಅಲ್ಲೇ ನಿಂತೆ. ಅಪ್ಪ ಹೊಲ ಕೊಟ್ಟುಬಿಟ್ಟಿದ್ದ.

ಕ್ಯಾಂಪಿನವರು ಹೋದರು. ಅಪ್ಪ ಊಟಕ್ಕೆ ಕೂತ ಮೇಲೆ ತಡೆಯಲಾಗಲಿಲ್ಲ.

"ಯಾಕ ಕೊಟ್ಟಿ? ನಾ ಇಷ್ಟು ದಿನ ಏನು ಬಡಕೊಂಡೆ?"

ಅಪ್ಪನಿಗೆ ನಿಜವಾಗಿ ಆಶ್ಚರ್ಯವಾಯಿತು. "ಬಾಯಿಲೆ ಕೊಡಬ್ಯಾಡ ಅಂದಿ. ಚಿತ್ರದಾಗ ಕೊಡು ಅಂದಿ. ಯಾವುದು ಖರೇ ತಿಳೀಬೇಕು?"

"ಚಿತ್ರದಾಗ ಎಲ್ಲಿ ಅಂದೀನಿ?"

ಅಪ್ಪ ರೊಟ್ಟಿಯ ಕೈಯಲ್ಲೇ ಎದ್ದು ಗೋಡೆಯ ಬಲಗಡೆಯ ತುದಿಗೆ ಹೋದ. ತೆನೆಯ ಹಾಳೆಯ ಮುಂದೆ ನಿಂತು ಶುರು ಮಾಡಿದ. "ಇಲ್ಲಿ ನಮ್ಮ ಜೋಳ ಚಲೋ ಐತಿ, ಮಳಿ ಮ್ಯಾಲ ಬೆಳೆದದ್ದು. ಇಲ್ಲಿ ಬೆಳಿ ಗಿಡ್ಡಾತು. ಇಲ್ಲಿ ಕಾಲುವಿ ನೀರು ಬಂತು. ಇಲ್ಲಿ ಒಂದು ಕಡ್ಡಿ ಉಳಿಲಿಲ್ಲ. ಇಲ್ಲಿ ಭೂಮಿ ಸೀಳಿ ಹೋತು. ಹಿರ್ಯಾರು ಹೇಳಿದ್ದು ಇದನ್ನ. ಸರಕಾರ ಮಂದಿ ಮುಂದ ಒಂದು ಹೇಳ್ತೈತಿ, ಒಳಗ ಒಂದು ಬರಸ್ತೈತಿ. ನಿನ್ನ ಕೈಲೆ ಖರೇ ಬರಸ್ಯಾರ ಅಂದ್ಕೊಂಡೆ."

ಉರ್ದು ಬಲದಿಂದ ಎಡಕ್ಕೆ ಓದುತ್ತಾರೆ ಅನ್ನುವುದು ನನಗೆ ಗೊತ್ತಿಲ್ಲದ ಸಂಗತಿಯೇ? ಹುಟ್ಟಿದಾಗಿನಿಂದ ಅಪ್ಪ ಪೇಪರು ಓದುವುದನ್ನು ನೋಡಿದವಳು. ಅಪ್ಪ ಚಿತ್ರವನ್ನೂ ಅದೇ ಕಡೆಯಿಂದ ಓದುತ್ತಾನೆ ಅಂತ ಮಾತ್ರ ತಲೆಗೆ ಹೊಳೆದಿರಲಿಲ್ಲ. ಇದರಲ್ಲಿ ಇನ್ನೊಂದು ಕಡೆ ಇದೆ ಅಂತ ಅವನಿಗೂ ಹೊಳೆದಿರಲಿಲ್ಲ.

"ಯಪ್ಪಾ, ಆ ಕಡಿಂದ ಅಲ್ಲ" ಅಂದೆ. "ಈ ಕಡಿಂದ ನೋಡು."

ಅಪ್ಪ ಬಾಗಿಲ ಕಡೆ ಬಂದ. ಬಿರುಕು, ಬದು, ನೀರು, ಮೊಳಕೆ, ತೆನೆ. ಒಂದೊಂದರ ಮುಂದೆಯೂ ನಿಂತು ನೋಡಿದ. ತೆನೆಯ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ಬಂದು ತಾಟಿನ ಮುಂದೆ ಕೂತ.

"ಹಂಗಾದರ ಚಲೋ ಬೆಳಿ ಬರ್ತೈತಿ."

"ಬರ್ತೈತಿ."

"ಹೂಂ." ರೊಟ್ಟಿ ಮುರಿದ. "ಎಲಿ ಅಡಿಕಿ ಕೊಟ್ಟಾಗೇತಿ."

ಹೋಗಿ ಹೇಳು, ತಿಳಿಯದೆ ಕೊಟ್ಟೆ ಅನ್ನು, ಅಂತ ನಾನು ಕೂಗಾಡಿದೆ. "ಏನಂತ ಹೇಳ್ಲಿ? ಚಿತ್ರ ತಿರುವಿ ನೋಡಿದ್ದೆ ಅಂತನಾ?" ಅಂದ ಅಪ್ಪ, ಸ್ವಲ್ಪ ನಕ್ಕ ಕೂಡ. ನನಗೆ ನಗು ಬರಲಿಲ್ಲ. ಮಾರ್ಗದರ್ಶಕರ ಮೇಲೆ, ಲಿಂಗಸುಗೂರಿನ ಸಾಲೆಯ ಮೇಲೆ, ನಿಜಾಮರ ಮೇಲೆ, ಎಲ್ಲರ ಮೇಲೂ ಸಿಟ್ಟು. ಅವ್ವ ಬಂದು, "ಸಾಕು ಬಿಡವ್ವಾ, ಅವ ಉಣ್ಣಲಿ" ಅಂದಳು. ಅಪ್ಪ ಆ ದಿನ ಎಂದಿನ ಹಾಗೇ ಉಂಡು ಅಂಗಡಿಗೆ ಹೋದ.

ಒಂದು ಮಾತ್ರ ಬದಲಾಯಿತು. ಅಂಗಡಿಯ ಕೆಲಸಕ್ಕೆ ಅಪ್ಪ ಮೇಲಿಂದ ಮೇಲೆ ಬಸ್ಸಿನಲ್ಲಿ ಸಿಂಧನೂರಿಗೆ ಹೋಗುತ್ತಿದ್ದ. ಹೋಗುವಾಗ ಹೊಲ ಎಡಗಡೆ ಬರುತ್ತದೆ. ಮೊದಲೆಲ್ಲ ಎಡಗಡೆಯ ಕಿಟಕಿಗೆ ಕೂತು, ಬೇವಿನ ಗಿಡ ದಾಟುವವರೆಗೆ ಯಾರ ಜೊತೆಯೂ ಮಾತಾಡದವ ಈಗ ಹೊಲ ಕಾಣದ ಕಡೆ ಕೂರತೊಡಗಿದ. ಬರುವಾಗಲೂ ಅಷ್ಟೇ. ಆ ಕಡೆ ಜಾಗ ಇಲ್ಲದಿದ್ದರೆ ನಿಂತೇ ಬರುತ್ತಿದ್ದ ಅಂತ ಜೊತೆಯಲ್ಲಿ ಹೋದವರು ಅವ್ವನಿಗೆ ಹೇಳಿದರು. ಅವ್ವ ನನಗೆ ಹೇಳಿದಳು.

ಸಂಸ್ಥೆಗೆ ಹೋಗಿ ನಡೆದದ್ದನ್ನು ಹೇಳಿದೆ. ಮಾರ್ಗದರ್ಶಕರು ಮೊದಲು ನಕ್ಕರು, ನನ್ನ ಮುಖ ನೋಡಿ ನಿಲ್ಲಿಸಿದರು. ಗೋಡೆಯ ಮೇಲಿನ ಹಾಳೆಗೆ ಎಡಬಲ ಉಂಟು, ಸಿನೆಮಾದಲ್ಲಿ ಮೊದಲನೆಯದು ಮೊದಲು ಬರುತ್ತದೆ, ಯಾರೂ ತಿರುವಿ ನೋಡಲಾರರು, ಅಂದರು. ಸರಿ, ಆದರೆ ನೀರು ಎಡದಿಂದ ಬಲಕ್ಕೆ ಹರಿದರೆ ನನಗದು ಬರುವ ನೀರು, ಅಪ್ಪನಿಗೆ ಅದು ವಾಪಸು ಹೋಗುವ ನೀರು ಅನ್ನಿಸಿದರೆ? ಅಂದೆ. ಅನ್ನಿಸುತ್ತದೆ ಅಂತ ಹೇಗೆ ಗೊತ್ತು, ಅಂದರು. ಗೊತ್ತಿಲ್ಲ, ನೋಡಿಕೊಂಡು ಬರುತ್ತೇನೆ, ಅಂದೆ. ಹೀಗೆ ನನ್ನ ಸಂಶೋಧನೆ ನೀರಿನಿಂದ ನೀರಿನ ದಿಕ್ಕಿಗೆ ತಿರುಗಿತು. ಮಾರ್ಗದರ್ಶಕರು ಇನ್ನೊಂದು ಹಂಗಾಮಿನ ಸಮಯ ಕೊಟ್ಟರು.

ಮಸ್ಕಿಗೆ ಬಂದು ಚಿತ್ರದ ಸಣ್ಣ ಹಾಳೆಗಳನ್ನು ಚೀಲದಲ್ಲಿ ಹಾಕಿಕೊಂಡು ಸಂತೆಕಲ್ಲೂರು, ಗುರುಗುಂಟಾ, ಲಿಂಗಸುಗೂರು ಅಂತ ತಿರುಗಿದೆ. ಜೊತೆಗೆ ಅವ್ವ. ಒಬ್ಬಳನ್ನೇ ಕಳಿಸುವುದಿಲ್ಲ ಅನ್ನುವುದು ಅವಳ ಷರತ್ತು. ಹೋದಲ್ಲೆಲ್ಲ ನನ್ನ ಮದುವೆಯ ಮಾತು ತೆಗೆಯಬಾರದು ಅನ್ನುವುದು ನನ್ನದು. ಅವಳು ತನ್ನ ಷರತ್ತನ್ನು ಮಾತ್ರ ನಡೆಸಿದಳು. ಕಟ್ಟೆಯ ಮೇಲೆ, ಅಂಗಡಿಯ ಮುಂದೆ, ಅಂಗಳದಲ್ಲಿ ಹಾಳೆಗಳನ್ನು ಕಲಸಿ ಕೈಗೆ ಕೊಟ್ಟು, ಕಥೆ ಆಗುವ ಹಾಗೆ ಸಾಲು ಹಚ್ಚಿರಿ ಅನ್ನುತ್ತಿದ್ದೆ. ಉರ್ದು ಸಾಲೆಯ ಹಿರಿಯರಲ್ಲಿ ಬಹಳ ಮಂದಿ ಬಲದಿಂದ ಹಚ್ಚಿದರು. ಕನ್ನಡ ಸಾಲೆ ಕಲಿತವರು ಎಡದಿಂದ ಹಚ್ಚಿದರು. ಸಾಲೆಯನ್ನೇ ಕಾಣದವರು ಹೇಗೆ ಬೇಕೋ ಹಾಗೆ ಹಚ್ಚಿದರು; ಒಬ್ಬಾಕೆ ಮೇಲಿನಿಂದ ಕೆಳಕ್ಕೆ ತನ್ನ ಕಾಲ ತನಕ ಇಳಿಸಿಕೊಂಡು ಬಂದಳು. ಗುರುಗುಂಟಾದ ಒಬ್ಬ ಕುರಿಯವ ಹಾಳೆಗಳನ್ನು ತಿರುಗಿ ಕೊಟ್ಟು, "ಇದರಾಗ ಕುರಿ ಎಲ್ಲಿ ಅದಾವ?" ಅಂದ.

ಹರಿಯುವ ನೀರಿನ ಒಂದೇ ಚಿತ್ರ ತೋರಿಸಿ, ಇದು ಬರಾಕತ್ತೈತೋ ಹೋಗಾಕತ್ತೈತೋ ಅಂತಲೂ ಕೇಳಿದೆ. ಅಲ್ಲಿಯೂ ಇದೇ ಪಾಡು. ಒಂದೇ ಕಟ್ಟೆಯ ಮೇಲೆ ಇಬ್ಬರು ಅಣ್ಣತಮ್ಮಂದಿರು, ಒಬ್ಬ ಬರಾಕತ್ತೈತಿ ಅಂದ, ಒಬ್ಬ ಹೋಗಾಕತ್ತೈತಿ ಅಂದ, ನಾವು ಎದ್ದು ಬರುವಾಗಲೂ ವಾದ ಮುಗಿದಿರಲಿಲ್ಲ. ಹಾಗಾದರೆ ನೀರನ್ನು ಯಾವ ಕಡೆಯಿಂದ ತರಬೇಕು? ಎಡದಿಂದ ತಂದರೆ ಅಪ್ಪನಂಥವರಿಗೆ ವಾಪಸು ಹೋಗುತ್ತದೆ, ಬಲದಿಂದ ತಂದರೆ ನನ್ನಂಥವರಿಗೆ. ಹೊಲದ ಬಗ್ಗೆ ತೂಗಾಡುತ್ತಿರುವ ಇನ್ನೊಬ್ಬ ಮನುಷ್ಯ ಎಲ್ಲೋ ಇದ್ದೇ ಇರುತ್ತಾನೆ ಅನ್ನುವ ಯೋಚನೆ ನನ್ನ ತಲೆ ತಿನ್ನುತ್ತಿತ್ತು.

ಅಷ್ಟರಲ್ಲಿ ಮರಿಗಾಲುವೆಗೆ ನೀರು ಬಿಡುವ ದಿನ ಬಂತು. ಕ್ಯಾಂಪಿನವರು ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿಕಳಿಸಿದರು: ನಾಳೆ ಪೂಜೆ ಇಟ್ಟುಕೊಂಡಿದ್ದೇವೆ, ಅಮ್ಮಾಯಿ ಬಂದು ಚಿತ್ರ ಬರೆದುಕೊಳ್ಳಲಿ, ಎಲ್ಲರೂ ಬರಬೇಕು. ನಾನೂ ಅವ್ವನೂ ಹೊರಟೆವು. ಅಪ್ಪನನ್ನು ಕರೆದೆ.

"ಅಂಗಡ್ಯಾಗ ಕೆಲಸ ಐತಿ" ಅಂದ.

ಹೊಲ ಗುರುತು ಸಿಗದ ಹಾಗೆ ಆಗಿರಬಹುದು ಅಂತ ಹೆದರಿದ್ದೆ. ಭತ್ತಕ್ಕೆ ಮಡಿ ಕಟ್ಟಿ ಮಟ್ಟ ಮಾಡಿದ್ದರು, ಆದರೆ ನೆರಳಿಗೆ ಇರಲಿ ಅಂತ ಬೇವಿನ ಗಿಡ ಉಳಿಸಿದ್ದರು. ಬದುವಿನ ಕಲ್ಲೂ ಅಲ್ಲೇ ಇತ್ತು. ಅವರ ಹೆಂಗಸರು ಕಾಲುವೆಯ ತೂಬಿಗೆ ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆದರು. ನಾನು ಹಾಳೆ ಹಿಡಿದು ತೂಬಿನ ಎದುರಿಗೆ ಹೊಲದ ನಡುವೆ ಕೂತೆ. ತೂಬು ಎತ್ತಿದರು.

ನೀರು ಓಡಿಬರುತ್ತದೆ ಅಂತ ನಾನು ಅಂದುಕೊಂಡಿದ್ದೆ, ಐದು ಹಾಳೆಯ ಚಿತ್ರದಲ್ಲೂ ಹಾಗೇ ಬರೆದಿದ್ದೆ. ಅದು ಬರಲಿಲ್ಲ. ತೂಬಿನ ಬಾಯಲ್ಲಿ ಮೊದಲ ಬಿರುಕು ಕಂಡು ಅದರಲ್ಲಿ ಇಳಿಯಿತು. ಅದು ತುಂಬಲು ಬಹಳ ಹೊತ್ತು ಹಿಡಿಯಿತು. ಬಿರುಕಿನೊಳಗಿಂದ ಗುಳುಗುಳು ಸದ್ದು, ಗುಳ್ಳೆ, ಹೊರಗೆ ಓಡುವ ಮಿಡತೆ, ಚೇಳು. ಆಮೇಲೆ ಎರಡನೆಯ ಬಿರುಕು. ನೀರಿಗಿಂತ ಮುಂದೆ ಮಣ್ಣಿನ ಬಣ್ಣ ಕಪ್ಪಾಗುತ್ತ ಬರುತ್ತಿತ್ತು, ಹಿಂದೆ ಹುಲ್ಲಿನ ಕಡ್ಡಿ ಹೊತ್ತ ನೊರೆಯ ಅಂಚು. ನಾನು ಬರೆಯುತ್ತಲೇ ಇದ್ದೆ. ಅವ್ವ ಕೂಗಿ ಎಚ್ಚರಿಸುವ ಹೊತ್ತಿಗೆ ನೀರು ನನ್ನ ಕಾಲಿನ ಬೆರಳು ಮುಟ್ಟಿತ್ತು. ಹಾಳೆ, ಚಪ್ಪಲಿ ಬಾಚಿಕೊಂಡು ಎದ್ದೆ. ಎದ್ದ ಮೇಲೆ ತಿಳಿಯಿತು. ಇಷ್ಟು ಹೊತ್ತು ನಾನು ನೋಡಿದ ನೀರು ಎಡದಿಂದಲೂ ಬಂದಿರಲಿಲ್ಲ, ಬಲದಿಂದಲೂ ಬಂದಿರಲಿಲ್ಲ. ಎದುರಿನಿಂದ ಬಂದಿತ್ತು. ಎದುರಿನಿಂದ ಬರುವ ನೀರನ್ನು ಯಾರೂ ಹೋಗುವ ನೀರು ಅನ್ನುವುದಿಲ್ಲ.

ಎದುರಿನಿಂದ ಬರುವುದನ್ನು ಬರೆಯುವಷ್ಟು ಕಷ್ಟ ನಮ್ಮ ಕೆಲಸದಲ್ಲಿ ಇನ್ನೊಂದಿಲ್ಲ. ಪಕ್ಕಕ್ಕೆ ಹರಿಯುವ ನೀರಾದರೆ ಗೆರೆ ಸರಿಸಿದರೆ ಆಯಿತು. ಎದುರು ಬರುವ ನೀರಿಗೆ ಪ್ರತಿ ಹಾಳೆಯಲ್ಲೂ ಅಂಚು ಅಗಲವಾಗಬೇಕು, ಹತ್ತಿರವಾಗಬೇಕು, ಆದರೆ ಉಬ್ಬಿದ ಹಾಗೆ ಕಾಣಬಾರದು. ಮೊದಲು ಬರೆದದ್ದು ಉಕ್ಕಿದ ಹಾಲಿನ ಹಾಗೆ ಕಂಡಿತು, ಹರಿದೆ. ಎರಡನೆಯದು ಹರಡಿದ ಮಸಿಯ ಹಾಗೆ ಕಂಡಿತು, ಅದನ್ನೂ ಹರಿದೆ. ಬಿರುಕು ತುಂಬುವ ಹೊತ್ತನ್ನು ನೀರಿನ ನಡಿಗೆಯೊಳಗೆ ಸೇರಿಸಿದ ಮೇಲೆ, ಅಂದರೆ ನಿಂತು, ಕುಡಿಸಿ, ಮತ್ತೆ ಹೊರಡುವಂತೆ ಮಾಡಿದ ಮೇಲೆ, ಅದು ಹೊಲದ ನೀರಾಯಿತು. ಬೇವಿನ ಗಿಡ, ಬದುವಿನ ಕಲ್ಲು ಎಲ್ಲವನ್ನೂ ಇದ್ದ ಹಾಗೇ ಬರೆದೆ. ಮಾರ್ಗದರ್ಶಕರು ತೆರೆಯ ಮೇಲೆ ಮತ್ತೆ ಮತ್ತೆ ಹಾಕಿಸಿ ನೋಡಿ, ಇದು ನಿನ್ನ ಕೈಗೆ ಬಂದಿದೆ, ಅಂದರು. ಅವರಿಂದ ಅದಕ್ಕಿಂತ ಹೆಚ್ಚಿನ ಹೊಗಳಿಕೆಯನ್ನು ಯಾರೂ ಕೇಳಿರಲಿಲ್ಲ.

ಚಿತ್ರ ಮಸ್ಕಿಗೆ ಬಂದದ್ದು ಪ್ರಚಾರದ ವ್ಯಾನಿನಲ್ಲಿ. ನಾನೂ ಊರಲ್ಲಿದ್ದೆ. ದೀಪ ಹಚ್ಚುವ ಹೊತ್ತಿಗೆ ಸಾಲೆಯ ಬಯಲಿನಲ್ಲಿ ಬಿಳಿ ಪರದೆ ಕಟ್ಟಿದರು. ಊರ ಮಂದಿ ನೆಲದ ಮೇಲೆ ಕೂತರು, ಅಂಗಡಿಕಾರ ಹಿರಿಯ ಅಂತ ಅಪ್ಪನಿಗೆ ಒಂದು ಕುರ್ಚಿ ಹಾಕಿದರು. ಬಿರುಕುಬಿಟ್ಟ ಹೊಲ ಬಂತು. ತೂಬು ಮೇಲೆದ್ದಿತು. ನೀರು ಒಂದು ಬಿರುಕು ಕುಡಿದು, ನಿಂತು, ಇನ್ನೊಂದು ಕುಡಿದು, ನಮ್ಮ ಕಡೆಗೇ ಬರತೊಡಗಿತು. ಮುಂದೆ ಕೂತವರು ನಗುತ್ತ ಹಿಂದೆ ಸರಿದರು. ನಾನು ಪರದೆ ನೋಡಲಿಲ್ಲ, ಅಪ್ಪನನ್ನು ನೋಡುತ್ತಿದ್ದೆ. ಅವ ಮೆಲ್ಲಗೆ ಎರಡೂ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ.

ಮನೆಗೆ ನಡೆಯುವಾಗ ಬಜಾರು ದಾಟಿದ ಮೇಲೆ ಅಪ್ಪ ಕೇಳಿದ.

"ಆ ಬೇವಿನ ಗಿಡ ನಮ್ಮದಲ್ಲೇನವ್ವಾ?"

"ಹೂಂ."

"ಕಲ್ಲೂ ನಮ್ಮದ. ನೀ ಎತ್ತು ಬರಿತಿದ್ದ ಕಲ್ಲು."

"ಹೂಂ, ಯಪ್ಪಾ."

"ನೀರು ಹಂಗ ಬಂತೇನು? ಬಿರುಕು ಕುಡಿದೂ ಕುಡಿದೂ ಆಮ್ಯಾಲ ಮುಂದ ಬಂತೇನು?"

"ಹಂಗ ಬಂತು. ನಾ ಚಪ್ಪಲಿ ಎತ್ತಿಗೊಂಡು ಎದ್ದೆ."

"ಅವತ್ತು ಅಂಗಡ್ಯಾಗ ಕೆಲಸ ಇದ್ದಿಲ್ಲ" ಅಂದ ಅಪ್ಪ. "ನೋಡಬೇಕಂತ ಭಾಳ ಇತ್ತು. ಕಾಲು ಬರಲಿಲ್ಲ. ಇವತ್ತು ನೋಡಿದಂಗಾತು." ನನಗೆ ಅಳು ಬಂತು, ಅತ್ತುಬಿಟ್ಟೆ. ಅಪ್ಪ ಅದನ್ನು ನೋಡಿಯೂ ನೋಡದವನ ಹಾಗೆ ಮನೆಯ ಚಿಲಕ ತೆಗೆದ.

ಮರುದಿನ ನಾನು ಸಂಸ್ಥೆಗೆ ಹೊರಡಬೇಕಿತ್ತು. ಸಿಂಧನೂರಿನವರೆಗೆ ಬಿಟ್ಟುಬರುತ್ತೇನೆ ಅಂತ ಅಪ್ಪ ಜೊತೆಗೆ ಬಂದ. ಬಸ್ಸು ಅರ್ಧ ಖಾಲಿ ಇತ್ತು. ನಾನು ಅಪ್ಪನ ಈಚಿನ ಅಭ್ಯಾಸದಂತೆ ಬಲಗಡೆಯ ಸೀಟಿಗೆ ಚೀಲ ಇಡಲು ಹೋದೆ. ಅಪ್ಪ ಎಡಗಡೆಯ ಕಿಟಕಿಗೆ ಹೋಗಿ ಕೂತು, ಪಕ್ಕದ ಜಾಗವನ್ನು ಕೈಯಿಂದ ಒರೆಸಿ ನನ್ನನ್ನು ಕರೆದ. ಹೊಲ ಬಂತು. ಭತ್ತ ಮೊಣಕಾಲೆತ್ತರ ಬೆಳೆದಿತ್ತು, ನಡುವೆ ಬಾಗಿ ಏನೋ ಕೀಳುತ್ತಿದ್ದ ಕ್ಯಾಂಪಿನವರು ಬಸ್ಸಿನ ಸದ್ದಿಗೆ ತಲೆ ಎತ್ತಿದರು. ಅಪ್ಪ ಕಿಟಕಿಯ ಹೊರಗೆ ಕೈ ಚಾಚಿ ನಮಸ್ಕಾರ ಮಾಡಿದ. ಬೇವಿನ ಗಿಡ ಹಿಂದೆ ಬೀಳುವವರೆಗೆ ನೋಡಿ ನನ್ನ ಕಡೆ ತಿರುಗಿದ.

"ಹೋಗಬೇಕಾದರ ಈ ಕಡಿ ಕುಂದ್ರಬೇಕು, ಬರಬೇಕಾದರ ಆ ಕಡಿ" ಅಂದ. "ಹೊಲ ಮಾತ್ರ ಇದ್ದಲ್ಲೇ ಐತಿ ನೋಡು."